ಹೊಂದಿಸಿ ಬರೆಯಿರಿ

ಮಕ್ಕಳ ಹೃದಯದ ಡಾಕ್ಟರು ಬರುವುದು
ತಿಂಗಳಿಗೆ ಎರಡೇ ಶನಿವಾರ.
ಇವತ್ತು ಮಂಗಳವಾರ. ರಿಪೋರ್ಟು ಮಾತ್ರ ಬಂದುಬಿಟ್ಟಿದೆ,
ಹದಿನಾಲ್ಕು ಹಾಳೆ.
ನಿಟುವಳ್ಳಿಯ ನಮ್ಮ ಅಡುಗೆಮನೆಯ ಕಟ್ಟೆ ಮೇಲೆ
ಗಾಳಿಗೆ ಹಾರದಂತೆ ಉಪ್ಪಿನ ಡಬ್ಬಿ ಹೊತ್ತುಕೊಂಡು ಕೂತಿದೆ.

ಓದುವುದೇ ನನ್ನ ಕೆಲಸ. ಮನೆಮನೆಯ ಕರೆಂಟ್ ಮೀಟರು,
ಹಿಂದಿನ ರೀಡಿಂಗು, ಈಗಿನ ರೀಡಿಂಗು, ಕಳೆದರೆ ಬಿಲ್ಲು.
ಇದನ್ನೂ ಹಾಗೇ ಓದಲು ಕೂತೆ.
ಇಪ್ಪತ್ನಾಲ್ಕು ಗಂಟೆಗೆ
ಒಂದು ಲಕ್ಷದ ಇಪ್ಪತ್ತೆರಡು ಸಾವಿರದ ನಾನೂರ ಹದಿನೆಂಟು ಬಡಿತ.
ಎಂಟು ವರ್ಷದ ವರ್ಷಿಣಿ, ಇಪ್ಪತ್ತೊಂದು ಕೇಜಿ,
ದಿನಾ ಇಷ್ಟು ಖರ್ಚು ಮಾಡುತ್ತಾಳೆಂದು
ನಮಗೆ ಗೊತ್ತೇ ಇರಲಿಲ್ಲ.

ಸರಾಸರಿ ಎಂಬತ್ತೈದು, ಎಂದಿದೆ.
ಸರಾಸರಿ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು:
ಬೀಗ ಹಾಕಿದ ಮನೆಗೆ
ಹೊರಗೇ ನಿಂತು ನಾವು ಬರೆದು ಬರುವ ಅಂಕಿ.

ಕೊನೆಯಲ್ಲೊಂದು ಸಾಲು ಇಂಗ್ಲಿಷು. ಲ್ಯಾಬಿನ ಹಾಲೇಶನಿಗೆ ಫೋನ್ ಹಚ್ಚಿದೆ.
"ಏನಿಲ್ಲಣ್ಣ, ಹೊಂದಿಸಿ ನೋಡ್ರಿ ಅಂತ ಐತಿ."
ಯಾವುದಕ್ಕೆ ಯಾವುದನ್ನ?
"ಕಾಗದಾನ, ಹುಡುಗಿಗೆ."
ಮಂಡಕ್ಕಿ ತಿನ್ನುತ್ತಿದ್ದ. ಸದ್ದು ಕೇಳುತ್ತಿತ್ತು.

ಡಬ್ಬಿ ಕಟ್ಟಿದ ದಿನ ನಾಗವೇಣಿ
ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಗೆ
ಗಂಟೆಗಂಟೆಗೂ ಬರೆದಿಟ್ಟಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟೆವು.
ಸಂಜೆ ನಾಕು ನಲವತ್ತು: ನೂರಾ ಎಪ್ಪತ್ತೊಂದು.
ನನ್ನ ಎದೆ ಧಸಕ್ಕೆಂದಿತು.
ಪುಸ್ತಕದಲ್ಲಿ: ಟೆರೇಸಿನ ಮೇಲೆ ಕುಂಟಾಬಿಲ್ಲೆ. ಬೈದೆ. ಕೇಳಲಿಲ್ಲ.
ರಾತ್ರಿ ಮೂರು ಹದಿನೇಳು: ನಲವತ್ತೊಂಬತ್ತು.
ಪುಸ್ತಕದಲ್ಲಿ ಏನೂ ಇಲ್ಲ. ನಾವೂ ಮಲಗಿದ್ದೆವು.
ಅಲ್ಲೇ ಗೆರೆ ಒಂದು ಕಡೆ ಏಳುವುದನ್ನೇ ಮರೆತಿದೆ,
ಒಂದು ಪಾಯಿಂಟ್ ಒಂಬತ್ತು ಸೆಕೆಂಡು.
ಅಂದರೆ ಎಷ್ಟು?
ಗೋಡೆಯ ಗಡಿಯಾರ ನೋಡುತ್ತ ನಾಗವೇಣಿ ಉಸಿರು ಹಿಡಿದಳು.
"ಇಷ್ಟೇ," ಎಂದಳು.
ಆಮೇಲೆ, "ಇಷ್ಟಾ?"

ಡಬ್ಬಿಗೊಂದು ಗುಂಡಿ ಇತ್ತು.
ಎದೆಯಾಗ ಏನಾರ ಆದ್ರ ಒತ್ತು ಪುಟ್ಟಿ, ಎಂದಿದ್ದ ಹಾಲೇಶ.
ಒಂಬತ್ತು ಸಲ ಒತ್ತಿದ್ದಾಳೆ.
ಒಂಬತ್ತಕ್ಕೂ ರಿಪೋರ್ಟಿನದು ಒಂದೇ ಮಾತು: ನಾರ್ಮಲ್.
ಎಡವಿದ ಬಡಿತಗಳು ಬೇರೆಲ್ಲೋ ಇವೆ, ಇನ್ನೂರ ಹನ್ನೆರಡು,
ಅವುಗಳಲ್ಲಿ ಒಂದಕ್ಕೂ ಒತ್ತಿಲ್ಲ,
ಒಳಗೆ ಮೀನು ಹೊರಳಿದಂಗಾತು ಎಂದು
ಸ್ಕೂಲಿನ ಪ್ರೇಯರಿನಲ್ಲಿ ಕುಸಿದು ಕೂತಿದ್ದವಳು.

ಕರೆದು ಕೂರಿಸಿಕೊಂಡೆ. ಬೈಯಲ್ಲ, ಯಾಕೆ ಒತ್ತಿದೆ ಹೇಳು.
"ಅಶೋಕ ಟಾಕೀಸ್ ಹತ್ರ ಗೇಟ್ ಹಾಕಿದ್ರಲ್ಲ,
ರೈಲು ಹೋತಲ್ಲ, ಆಗ ಎರಡು ಸಲ.
ಲೆಕ್ಕದಾಗ ಟೀಚರ್ ನನ್ನ ಎಬ್ಬಿಸಿದಾಗ.
ಅಜ್ಜಿ ಕೆಮ್ಮಿದಾಗ. ಅದು ಅಜ್ಜಿ ಎದೆ, ಗೊತ್ತು. ಆದ್ರೂ.
ಸುಮ್ನೆ, ಡಬ್ಬಿ ಕೂಗ್ತೈತೇನೋ ನೋಡಾಕ ಒಂದು.
ಸಫೀನಾ ಕೇಳಿದ್ಲು, ಅವಳಿಗೊಂದು ಕೊಟ್ಟೆ.
ನೀನು ಅಮ್ಮ ಬಾಗಿಲ ಹೊರಗೆ ನಿಂತು
ಮೆತ್ತಗೆ ಮಾತಾಡ್ತಿದ್ರಲ್ಲ, ಆಗ ಎರಡು."

ಎಂಟಾಯಿತು. ಒಂಬತ್ತನೆಯದು?
ಕಾಲಿನ ಬೆರಳು ನೋಡಿಕೊಂಡಳು.
"ಅದನ್ನ ಡಾಕ್ಟರಿಗೆ ಹೇಳ್ತೀನಿ."

ರಾತ್ರಿ ಮೂರು ಹದಿನೇಳಕ್ಕೆ ಎಚ್ಚರವಿದ್ದೆ.
ಫ್ಯಾನು ತಿರುಗುತ್ತಿತ್ತು. ಅವಳ ಒಂದು ಕಾಲು ಅಮ್ಮನ ಹೊಟ್ಟೆ ಮೇಲೆ,
ಕತ್ತಿನ ಗುಳಿಯಲ್ಲಿ ಸಣ್ಣಗೆ ಏನೋ ಏಳುತ್ತಿತ್ತು, ಇಳಿಯುತ್ತಿತ್ತು.
ಎಣಿಸಿದೆ. ನಲವತ್ತರ ತನಕ ಬಂದು ತಪ್ಪಿತು.
ತಪ್ಪಿದ್ದು ನಾನೋ ಅದೋ.

ಎದ್ದು ಹೋಗಿ ಅಡುಗೆಮನೆ ದೀಪ ಹಾಕಿ
ಹಾಲಿನ ಪುಸ್ತಕದಲ್ಲಿ ಒಂಬತ್ತು ಗೆರೆ ಎಳೆದೆ, ಎಂಟು ತುಂಬಿದೆ.
ಒಂಬತ್ತನೆಯದರ ಮುಂದೆ
ಹನ್ನೊಂದು ವರ್ಷದ ಅಭ್ಯಾಸ, ಪೆನ್ನು ತಾನೇ ಹೊರಟಿತು,
ಬೀಗ, ಸರಾಸರಿ, ಎಂದು ಬರೆಯಲು.

ಬರೆಯಲಿಲ್ಲ.
ಶನಿವಾರಕ್ಕೆ ಖಾಲಿ ಬಿಟ್ಟೆ.