ಒಂದು ಬಾಕಿ

ಪಾಲಿಬೆಟ್ಟದ ಲೈಬ್ರರಿಯಲ್ಲಿ ಆ ಪುಸ್ತಕಕ್ಕೆ
ರಟ್ಟಿರಲಿಲ್ಲ. ಬೆನ್ನಿಗೆ ಕಾಫಿ ಚೀಲದ ಗೋಣಿದಾರ.
ಹನ್ನೆರಡು ಕತೆ, ಹನ್ನೆರಡು ದೆವ್ವ.
‘ಎಣಿಸಿ ಕೊಟ್ಟಿದ್ದೇನೆ, ಎಣಿಸಿ ತಾ’
ಅಂದರು ಉತ್ತಯ್ಯ ಸರ್, ನಗದೆ.

ಬಾವಿಯೊಳಗೆ ಕೂತು ಹಲ್ಲುಜ್ಜುವವಳು ಒಬ್ಬಳು.
ಹೊಳೆ ದಾಟಿಸಿ, ದುಡ್ಡಿನ ಬದಲು ನೆರಳು ಕೇಳುವ ಅಂಬಿಗ.
ಬೀಗದ ತೂತಿನಲ್ಲಿ ಮನೆ ಮಾಡಿದ ಒಂದು ಕೆಮ್ಮು.
ತಂಗಿ ನಂಜಿಗೆ ಇವರೆಲ್ಲ ತಮಾಷೆ.
ಏಳನೆಯವನು ಬಂದಾಗ ಮಾತ್ರ
ಕಂಬಳಿ ಮೂಗಿನ ತನಕ ಎಳೆದುಕೊಂಡಳು:

ಕಾಲಿಲ್ಲದ ಹುಡುಗ. ತೋಟದ ಬೇಲಿಯಾಚೆ ನಿಂತು
ಹೋಗಿಬರುವವರನ್ನೆಲ್ಲ ಒಂದೇ ಕೇಳುತ್ತಾನೆ,
‘ಆಮೇಲೆ?’
ಅಷ್ಟೇ. ಮುಂದಿನ ಹಾಳೆ ಯಾರೋ ಹರಿದಿದ್ದರು.

ಆ ರಾತ್ರಿ ಹಲಸಿನ ವಾಸನೆ ಹಿಡಿದು ಆನೆ ಬಂತು.
ಲೈನ್ ಮನೆಗಳ ದೀಪ ಒಂದೊಂದೇ ಆರಿತು.
ಅಪ್ಪ ಪಟಾಕಿ ಹಿಡಿದು ನಿಂತ; ಬೆಂಕಿಪೊಟ್ಟಣ ಸಿಗಲಿಲ್ಲ.
ಅವ್ವ ನಮ್ಮಿಬ್ಬರ ಬಾಯಿಗೂ ಒಂದೊಂದು ಕೈ ಇಟ್ಟಳು.
ಗೋಡೆಯಾಚೆ ಕೊಂಬೆ ಮುರಿಯಿತು. ಉಸಿರು,
ಪಲ್ಪರ್ ಮಿಷನ್ನಿನಷ್ಟು ದೊಡ್ಡ ಉಸಿರು.
ಆಗ ಚಾಪೆಯ ಮೇಲೆ ಪುಸ್ತಕ ನಡುಗಿದ್ದು
ನಾನು ಕಂಡೆ. ದೇವರಾಣೆ.
ನನ್ನ ಕಂಬಳಿಯೊಳಗೆ
ತಣ್ಣಗೆ ಏನೋ ತೂರಿಕೊಂಡಿತು.
ಭುಜ ತಾಗಿತು, ಕಿವಿ ತಾಗಿತು,
ಕಾಲು ತಾಗಲಿಲ್ಲ.

ಬೆಳಿಗ್ಗೆ ಅಂಗಳದ ತುಂಬ ಹಲಸಿನ ಬೀಜ,
ಬಾಂಡಲಿಯಷ್ಟಗಲದ ಹೆಜ್ಜೆ.
ಏಳನೆಯ ಕತೆಯಲ್ಲಿ ಬೇಲಿ ಇತ್ತು, ತೋಟ ಇತ್ತು,
ಅವನು ನಿಂತಿದ್ದ ಜಾಗ ಬಿಳಿ.

ಶನಿವಾರ ಉತ್ತಯ್ಯ ಸರ್ ಕನ್ನಡಕ ಏರಿಸಿ
ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಪುಟ ತಿರುವಿದರು.
‘ಹನ್ನೊಂದು.’
ನಾನು ಕಾಲ್ಬೆರಳು ನೋಡಿಕೊಂಡೆ.
ಬೈಯಲಿಲ್ಲ. ದಂಡ ಕೇಳಲಿಲ್ಲ.
ರಿಜಿಸ್ಟರಿನಲ್ಲಿ ನನ್ನ ಹೆಸರಿನೆದುರು ಬರೆದರು:
ಒಂದು ಬಾಕಿ.
ಪೆನ್ನಿನ ಮುಚ್ಚಳ ಹಾಕುತ್ತ, ಮೆಲ್ಲಗೆ,
‘ಚಳಿ ಅಂತಾನಾ, ಈಗಲೂ?’

ಈಗ ಮೂವರು ಮಲಗುತ್ತೇವೆ.
ನಂಜಿ ಗೋಡೆ ಕಡೆ, ನಾನು ಬಾಗಿಲ ಕಡೆ.
ದೀಪ ಆರಿಸಿದ ಮೇಲೆ ಹರಿದ ಹಾಳೆಯದನ್ನು ನಾನೇ ಹೇಳುತ್ತೇನೆ:
ಹುಡುಗನಿಗೆ ಕಾಲು ಬಂತು, ಬೇಲಿ ಹಾರಿದ,
ಬಸ್ಸು ಹತ್ತಿ ಗೋಣಿಕೊಪ್ಪಕ್ಕೆ ಹೋದ,
ಕಿಟಕಿ ಪಕ್ಕದ ಸೀಟೇ ಸಿಕ್ಕಿತು,
ಸಂತೆಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡ.
ಮುಗಿಯಿತು.

ಕತ್ತಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.
ನಂಜಿ ನಿದ್ದೆಹೋಗಿರುತ್ತಾಳೆ.
ನಮ್ಮಿಬ್ಬರ ನಡುವಿನಿಂದ,
‘ಆಮೇಲೆ?’