ಕೊನೇವರೆಗೂ ಎಳಿ

ಹತ್ತಕ್ಕೆ ಬನ್ನಿ ಅಂದಿದ್ದ ಮಲ್ಖಾಜ್.
ಎಂಟೂವರೆಗೇ ಹೋಗಿ ನಿಂತೆವು
ರುಸ್ತಾವಿಯ ಕಾರುಸಂತೆಯ ಬಯಲಲ್ಲಿ,
ನಾನು, ನನ್ನ ಅತ್ತೆ ಲಮಾರಾ.
'ಹೇಳಿದ ಹೊತ್ತಿಗೆ ಹೋದರೆ
ಹೇಳಿಕೊಟ್ಟ ಕಾರೇ ಸಿಗೋದು' ಅಂದಿದ್ದಳು.

ಇಪ್ಪತ್ತಾರು ವರ್ಷ ತ್ಬಿಲಿಸಿಯಲ್ಲಿ ಟ್ರಾಲಿಬಸ್ ಓಡಿಸಿದವಳು.
ಒಂದು ದಿನ ನಗರದವರು ಬಂದು
ತಂತಿಗಳನ್ನೇ ಬಿಚ್ಚಿಕೊಂಡು ಹೋದರು.
ಅಂದಿನಿಂದ ಯಾವ ಗಾಡಿಯನ್ನೂ
ಬರೀ ಮಾತಿನ ಮೇಲೆ ನಂಬಿದವಳಲ್ಲ.

ಸಾಲು ಸಾಲು ಕಾರು, ಸಾವಿರವೋ ಎರಡು ಸಾವಿರವೋ.
ಕಡಲಾಚೆ ಗುದ್ದಿಸಿಕೊಂಡು, ಹಡಗು ಹತ್ತಿ, ಪೋತಿಯಲ್ಲಿಳಿದು,
ಇಲ್ಲಿನ ಶೆಡ್ಡುಗಳಲ್ಲಿ ಮುಖ ತೊಳೆದು
ಮದುವೆಗೆ ಹೊರಟವರ ಹಾಗೆ ನಿಂತಿವೆ.

ಬೆಳ್ಳಿ ಬಣ್ಣದ್ದು ನನ್ನದು. ಅಂದರೆ
ಆಗಲೇ ನನ್ನದು ಅಂದುಕೊಂಡುಬಿಟ್ಟಿದ್ದೆ:
ರಾತ್ರಿ ಪಾಳಿ ಮುಗಿದು, ಆಸ್ಪತ್ರೆಯ ಗೇಟಿನಾಚೆ
ಬಸ್ಸಿಗೆ ಕಾಯದೆ, ಬಾಗಿಲು ತೆಗೆದು, ಕೂತು,
ಹೀಟರ್ ಹಾಕಿ, ಕಾಲುಚೀಲ ಬಿಚ್ಚಿ...
ಹದಿನಾಲ್ಕು ಸಾವಿರ ಲರಿ, ಕೋಟಿನ ಒಳಜೇಬಿನಲ್ಲಿ,
ಎದೆಗೆ ಒತ್ತುತ್ತಿತ್ತು.

ಅತ್ತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು,
ವಾರ್ಡಿನಲ್ಲಿ ನಾನು ಜ್ವರದ ಹಣೆ ಮುಟ್ಟುವ ಹಾಗೆ.
'ತಣ್ಣಗಿದೆ. ಒಳ್ಳೇದು.
ಬಿಸಿಯಿದ್ದರೆ ಯಾರೋ ಮೊದಲೇ ಎಬ್ಬಿಸಿ
ಬಾಯಿಪಾಠ ಮಾಡಿಸಿದ್ದಾರೆ ಅಂತ.'

ಕರವಸ್ತ್ರದ ಗಂಟಿನಿಂದ ತೆಗೆದಳು
ನಮ್ಮನೆ ಫ್ರಿಜ್ಜಿನ ಮೇಲಿದ್ದ ದಾಳಿಂಬೆ ಆಯಸ್ಕಾಂತ.
ಮುಂದಿನ ಬಾಗಿಲು: ಟಕ್. ಹಿಂದಿನ ಬಾಗಿಲು: ಟಕ್.
ಹಿಂಚಕ್ರದ ಮೇಲೆ ದಾಳಿಂಬೆ ಜಾರಿ
ಕೆಸರಿಗೆ ಬಿತ್ತು.
'ಇಲ್ಲಿ ತಗಡಿಲ್ಲ' ಅಂದಳು, ಒರೆಸಿಕೊಳ್ಳುತ್ತ,
'ಬಣ್ಣ ಬಳಿದ ಸುಳ್ಳು.'

ಮೀಟರಿನಲ್ಲಿ ನಲವತ್ತು ಸಾವಿರ ಮೈಲಿ.
ಬ್ರೇಕಿನ ರಬ್ಬರು ಸವೆದು ಕನ್ನಡಿಯಾಗಿದೆ.
'ಮೀಟರಿಗೆ ಮರೆವು ಬರುತ್ತೆ ಮಗಳೇ,
ರಬ್ಬರಿಗೆ ಬರೋದಿಲ್ಲ.'

ಅಷ್ಟರಲ್ಲಿ ಮಲ್ಖಾಜ್ ಬಂದ, ಸೂರ್ಯಕಾಂತಿ ಬೀಜ ಜಗಿಯುತ್ತ,
ಇಷ್ಟು ಬೇಗ ಬಂದಿರಾ ಅನ್ನುತ್ತ.
ಡಾಕ್ಟರಮ್ಮ ಒಬ್ಬಳು ಓಡಿಸಿದ್ದಂತೆ, ಭಾನುವಾರ ಮಾತ್ರವಂತೆ.
ಇನ್ನಿಬ್ಬರು ಮಧ್ಯಾಹ್ನ ಬರುವವರಿದ್ದಾರಂತೆ,
ಈಗಲೇ ಮುಂಗಡ ಕೊಟ್ಟರೆ ಹಿಡಿದಿಡುತ್ತಾನಂತೆ.
ನನ್ನ ಕೈ ಒಳಜೇಬಿಗೆ ಹೋಯಿತು.
ಅತ್ತೆ ನನ್ನ ಕಾಲು ತುಳಿದಳು,
ಬ್ರೇಕು ತುಳಿದಷ್ಟೇ ಸಲೀಸಾಗಿ.

'ಕೂತ್ಕೋ. ಬೆಲ್ಟ್ ಎಳಿ.'
ಎಳೆದೆ.
'ಕೊನೇವರೆಗೂ ಎಳಿ.'

ಯಾರೂ ಅಷ್ಟು ಎಳೆಯುವುದಿಲ್ಲ. ನಮ್ಮ ಮೈಗೆ ಸಾಲುವಷ್ಟೇ
ಎಳೆದು ಸಿಕ್ಕಿಸಿಬಿಡುತ್ತೇವೆ.
ಸುರುಳಿಯ ಒಳಗಿಂದ ಒರಟಾಗಿ ಬಂತು ಉಳಿದದ್ದು;
ಅದರ ಮೇಲೆ ಒಂದು ಕಂದು ಗೆರೆ.
ಮಕ್ಕಳ ಎತ್ತರ ಗುರುತು ಹಾಕಿದ ಗೋಡೆಯ ಹಾಗೆ
ಇಲ್ಲಿಯವರೆಗೆ ನೀರು ಬೆಳೆದಿತ್ತು.
ಕೆಳಗೆ ಬಣ್ಣ ಬೇರೆ, ಮೇಲೆ ಬಣ್ಣ ಬೇರೆ.
ಮೂಸಿದೆ. ನಿಂಬೆ ಸುಗಂಧದಡಿಯಲ್ಲಿ
ಯಾವುದೋ ಊರಿನ ನದಿ.

ಕಾರ್ಪೆಟ್ಟಿನಡಿ ಒಣಗಿದ ಮಣ್ಣು,
ಮಣ್ಣಿನಲ್ಲಿ ಹಳದಿ ಚಿಟ್ಟೆಯ ಕ್ಲಿಪ್ಪು, ಒಂದು ರೆಕ್ಕೆ.
ಆ ತಲೆಗೂದಲು ಯಾರದು?
ನೀರು ಏರುವ ಮೊದಲೇ ಇಳಿದು ಓಡಿದಳೇ?
ಆ ಪ್ರಶ್ನೆಗೆ ಯಾವ ಕಾಗದದಲ್ಲೂ ಕಾಲಮ್ಮಿಲ್ಲ.

'ನೀರಲ್ಲಿರೋ ಎಮ್ಮೆಗೆ ಬೆಲೆ ಕಟ್ಟಬಾರದು,
ನೀರಿಂದೆದ್ದ ಕಾರಿಗೂ ಅಷ್ಟೇ' ಅಂದಳು ಅತ್ತೆ.

ಮಲ್ಖಾಜ್ ಜಗಳಕ್ಕೆ ಬರಲಿಲ್ಲ.
ಬೀಜದ ಸಿಪ್ಪೆ ಉಗುಳಿ, ಬೆಲ್ಟನ್ನೇ ನೋಡುತ್ತ ನಿಂತ.
'ನಾನೂ ಫೋಟೋ ನೋಡಿಯೇ ಕೊಂಡದ್ದು, ಅಮ್ಮಾ.'
'ಹಾಗಾದರೆ ಗಾಜಿನ ಮೇಲೆ ಬರಿ, ನೀರು ಕುಡಿದದ್ದು ಅಂತ.
ಆ ಬೆಲೆಗೆ ಕೊಳ್ಳೋರೂ ಇರ್ತಾರೆ.'
ತಲೆಯಾಡಿಸಿದ.
ಬಯಲು ದಾಟುವಾಗ ತಿರುಗಿ ನೋಡಿದೆ,
ಬೆಲ್ಟನ್ನು ಒಳಗೆ ಬಿಡುತ್ತಿದ್ದ, ಮೆಲ್ಲಗೆ.

ಮಿನಿಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.
ಅತ್ತೆ ದಾಳಿಂಬೆಯನ್ನು ಕಂಬಿಗೆ ಹಚ್ಚಿದಳು: ಟಕ್.
'ಇದು ಕಬ್ಬಿಣ' ಅಂದು ನಿದ್ದೆಹೋದಳು.
ನಾನು ಸೀಟಿನ ಸಂದಿಯಲ್ಲಿ ಕೈಹಾಕಿ
ಬೆಲ್ಟು ಹುಡುಕಿದೆ.
ಇರಲೇ ಇಲ್ಲ.