ಒಂದು ಪಾಯಿಂಟ್ ಒಂದು

ಬೆಳಿಗ್ಗೆ ಆರಕ್ಕೆ ಡೇರಿಯ ಷಟರು ಎತ್ತಿದರೆ
ಮೊದಲು ಒಳಬರುವುದು ಚಳಿ, ಆಮೇಲೆ ಕೆಂಪಾಜಮ್ಮ.
ಕ್ಯಾನಿನ ಬಾಯಿಗೆ ಬಾಳೆಲೆಯ ಚೂರು,
ಸೆರಗಿನ ತುದಿಯಲ್ಲಿ ಪಾಸ್‌ಬುಕ್ಕು.
ನಾನು ಸೌಟಾಡಿಸಿ, ಲೋಟದಷ್ಟು ಮಾದರಿ ತೆಗೆದು
ಯಂತ್ರದ ಸೊಂಡಿಲಿಗೆ ಹಿಡಿಯುತ್ತೇನೆ.
ಅದು ಗುಟುಕರಿಸಿ, ತುಸು ಯೋಚಿಸಿ
ಕೆಂಪು ಅಂಕಿಯಲ್ಲಿ ಹೇಳುತ್ತದೆ:
ಜಿಡ್ಡು ನಾಲ್ಕು ಪಾಯಿಂಟ್ ಒಂದು.
ಹನ್ನೊಂದು ವರ್ಷ ಹೀಗೇ. ನಾನು ಬರೆದೆ, ಅವಳು ಹೋದಳು.

ಈ ಸೋಮವಾರ ಮಾತ್ರ ಅವಳ ಇನ್ನೊಂದು ಕೈಯಲ್ಲಿ
ಮೂಲೆ ಕತ್ತರಿಸಿದ ಹಾಲಿನ ಪ್ಯಾಕೆಟ್ಟು.
ರಾತ್ರಿ ಬೀಗರು ಬಂದರಂತೆ,
ಮನೆಯ ಹಾಲೆಲ್ಲ ಡೇರಿಗೆ ಹುಯ್ದಾಗಿತ್ತು,
ಕಾಫಿಗೆಂದು ಜವರನ ಅಂಗಡಿಯಿಂದ ತಂದದ್ದು, ವಸಿ ಉಳಿದಿದೆ.
"ಇದ್ನೂ ನೋಡ್ಲಾ ಮಾದೇಶ, ನಿನ್ ಮಿಸನ್ನು ಏನಂದದು?"

ಹಾಗೆಲ್ಲ ನೋಡುವಂತಿಲ್ಲ. ಆದರೂ ಹಿಡಿದೆ.
ಹಿಂದೆ ನಿಂತ ಸಾಲಿನಲ್ಲಿ ಯಾರೂ ಕೆಮ್ಮಲಿಲ್ಲ.
ಮೂರು.
ಮೂರೆಂದರೆ ಮೂರೇ, ಪಾಯಿಂಟಿನಾಚೆ ಸೊನ್ನೆ.
ಅವಳು ಬೆರಳು ಮಡಿಸಿದಳು.
"ನಾ ಕೊಟ್ಟಿದ್ದು ನಾಕು ಒಂದು. ಬಂದಿದ್ದು ಮೂರು.
ಮಿಕ್ಕಿದ್ದು ಎಲ್ಗೋಯ್ತಲಾ?"

ಹೇಳಿದೆ. ಗೆಜ್ಜಲಗೆರೆಯಲ್ಲಿ ಒಮ್ಮೆ
ತಲೆಗೆ ಬಲೆಟೋಪಿ ಹಾಕಿ ನಿಂತು ನೋಡಿದವನು ನಾನು.
ಟ್ಯಾಂಕರು ಬೆನ್ನು ಕೊಟ್ಟು ನಿಲ್ತದೆ ಅವ್ವ,
ನಿನ್ನ ಹಾಲು, ಹುಲಿವಾನದವರ ಹಾಲು,
ಊರಿನ ಹೆಸರೆಲ್ಲ ಪೈಪಿನಲ್ಲಿ ಕಳಚಿಹೋಗ್ತವೆ.
ಕಾಯಿಸ್ತಾರೆ, ಉಕ್ಕಲು ಬಿಡೋದಿಲ್ಲ,
ಅಷ್ಟರಲ್ಲೇ ಹಿಡಿದು ಗಡಗಡ ನಡುಗಿಸ್ತಾರೆ.
ಒಂದು ಉಕ್ಕಿನ ಬಟ್ಟಲು, ಬುಗುರಿಗಿಂತ ಜೋರು ತಿರುಗ್ತದೆ:
ಕೆನೆ ಹಗುರ, ನಡುವಿಗೆ ಸರಿದುಕೊಳ್ತದೆ,
ತೆಳು ಹಾಲು ಅಂಚು ಹಿಡಿದು ಓಡ್ತದೆ.
ಮಂತಿಲ್ಲ, ಹಗ್ಗವಿಲ್ಲ, ಹಾಡಿಕೊಂಡು ಕಡೆಯುವವರಿಲ್ಲ.

"ಕೆನೆ ಏನಾಯ್ತು, ಅದೇಳು."

ಬೆಣ್ಣೆಯಾಯ್ತು. ಇಟ್ಟಿಗೆಯ ಹಾಗೆ ಜೋಡಿಸಿಕೊಂಡು
ಗವಿಯಂಥ ತಣ್ಣನೆ ಕೋಣೆಯಲ್ಲಿ ಮಲಗ್ತು.
ದಸರೆ ಹತ್ತಿರ ಬಂತೆಂದರೆ ಎಬ್ಬಿಸಿ ಕರಗಿಸ್ತಾರೆ.
ವೀಳ್ಯದೆಲೆ ಹಾಕೋದಿಲ್ಲ, ಮೂಗಿನಿಂದ ಹದ ನೋಡೋದಿಲ್ಲ,
ಮುಳ್ಳು ತೋರಿಸಿದಾಗ ಇಳಿಸ್ತಾರೆ, ಅದು ತುಪ್ಪ.
ಡಬ್ಬವೇರಿ ಮೈಸೂರಿಗೆ. ದೇವರಾಜ ಮಾರ್ಕೆಟ್ಟಿನ ಹಿಂದೆ
ಒಂದು ಸಿಹಿ ಅಂಗಡಿ, ಬಾಣಲೆಯಲ್ಲಿ ಕಡಲೆಹಿಟ್ಟು,
ಮೇಲೆ ಕಾದ ತುಪ್ಪ ಬಿದ್ದರೆ ಜೊರ್ರೆಂದು ಏಳ್ತದೆ ಪಾಕು,
ಮೈತುಂಬ ತೂತು ತೂತು.
ಆ ತೂತಿನ ಸುತ್ತ ಇದೆ ಅವ್ವ, ನಿನ್ನ ಒಂದು ಪಾಯಿಂಟು.

ತೆಳು ಹಾಲು ಒಣಗಿ ಪುಡಿಯಾಯ್ತು,
ಮೊಸರಾದದ್ದು ಶುಂಠಿ, ಹಸಿಮೆಣಸು ಸೇರಿಸಿಕೊಂಡು
ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಮಜ್ಜಿಗೆ, ಮಜ್ಜಿಗೆ ಅಂತ
ಕಿಟಕಿಯಿಂದ ಕಿಟಕಿಗೆ ಓಡಾಡ್ತದೆ.

"ಅಯ್, ನಮ್ಮಸ ನನಗಿಂತ ಊರು ತಿರುಗ್ಬುಟ್ಟದೆ!"
ಅವಳು ನಕ್ಕಳು. ಸಾಲೂ ನಕ್ಕಿತು.

ಒಂದನ್ನು ಹೇಳಲಿಲ್ಲ.

ಮನೆಗೊಂದು ಲೋಟ ಮಾದರಿ, ಅರವತ್ತಮೂರು ಮನೆ.
ಸೇರಿಸಿದರೆ ಮೂರು ಲೀಟರಿನ ಮೇಲೆ;
ಲೆಕ್ಕದ ಪುಸ್ತಕದಲ್ಲಿ ಎರಡೂವರೆ, ನನ್ನದೇ ದುಂಡಗಿನ ಅಕ್ಷರ.
ಉಳಿದದ್ದು ಚೊಂಬಿನಲ್ಲಿ, ಸೈಕಲ್ಲಿನ ಹ್ಯಾಂಡಲಿಗೆ.
ನನ್ನಾಕೆ ಕಾಯಿಸಿ, ಬೆರಳದ್ದಿ ಬಿಸಿ ನೋಡಿ
ಹೆಪ್ಪು ಹಾಕಿ ರಾಗಿ ಡ್ರಮ್ಮಿನ ಮಗ್ಗುಲಲ್ಲಿಡುತ್ತಾಳೆ.
ಬೆಳಗಿಗೆ ಗಟ್ಟಿ ಮೊಸರು, ಗಡಿಗೆ ಓರೆ ಮಾಡಿದರೂ ಅಲುಗದು:
ಅರವತ್ತಮೂರು ಕೊಟ್ಟಿಗೆಯ ಬೂಸಾ, ಕಬ್ಬಿನ ಸೋಗೆ,
ನಾಲೆ ಏರಿಯ ಹುಲ್ಲು, ಮಾತು ಬಿಟ್ಟ ಅಣ್ಣತಮ್ಮಂದಿರ ಎಮ್ಮೆ, ಹಸು,
ಒಂದೇ ಗಡಿಗೆಯಲ್ಲಿ ಹೆಪ್ಪುಗಟ್ಟಿ.
ಮುದ್ದೆ ಉಂಡು, ಕೊನೆಯ ತುತ್ತು ಅನ್ನಕ್ಕೆ ಕಲಸುವಾಗ
ಇದು ಯಾರದೆಂದು ನಾಲಿಗೆ ಒಂದು ದಿನವೂ ಕೇಳಿರಲಿಲ್ಲ.

ಸೋಮವಾರ ರಾತ್ರಿ ಕೇಳಿತು.

ಮಂಗಳವಾರ ಷಟರು ಎತ್ತಿದೆ. ನಾಲ್ಕು ಪಾಯಿಂಟ್ ಒಂದು.
ಲೋಟದಲ್ಲಿ ಉಳಿದ ಮಾದರಿಯನ್ನು
ಅವಳ ಖಾಲಿ ಕ್ಯಾನಿಗೇ ವಾಪಸು ಬಗ್ಗಿಸಿದೆ.
ತಳದಲ್ಲಿ ಬಿಳಿಯದೊಂದು ಬಿಲ್ಲೆ, ಅಷ್ಟೆ.
"ಯಾಕ್ಲಾ, ಕೈ ನಡುಗ್ತದೆ?" ಅಂದಳು.

ಚಳಿ, ಅಂದೆ.